ಹೇಡ್ಯಾರ ಮನಿ ಹುಡುಗ

ದನ ತುಂಬಿದ ಟೆಂಪೋ ಒಂದು ಈಗಷ್ಟೇ ವಿಜಾಪುರ ರಸ್ತೆಯಲ್ಲಿ, ನನ್ನ ಮೊಬೈಲ್ ಅಂಗಡಿಯ ಮುಂದೆ ನಿಂತು ಹೋಯಿತು. ಸಗಣಿಯ ವಾಸನೆ ಮಾತ್ರ ಒಳಗೇ ಉಳಿದಿದೆ. ಕೈಯಲ್ಲಿ ಫೋನಿದೆ, ನಂಬರೂ ಇದೆ. ಒತ್ತಬೇಕಾದ ಬೆರಳು ರಜೆಯಲ್ಲಿದೆ.

ಇದು ನನ್ನ ಮುತ್ಯಾನ, ಅಂದರೆ ಅಜ್ಜನ, ವಾಸನೆ. ಗಡಿಯೂರು ವಾಗದರಿಯ ಮುತ್ಯಾ ಎತ್ತಿನ ವ್ಯಾಪಾರಿ. ಮರಾಠಿಯಲ್ಲಿ ಅಂಥವರಿಗೆ ಹೇಡಿ ಎನ್ನುತ್ತಾರೆ. ನಮ್ಮೂರ ಕನ್ನಡವೂ ಅದನ್ನೇ ಎತ್ತಿಕೊಂಡಿದೆ. ಅಕ್ಕಲಕೋಟದ ಸಂತೆಯಲ್ಲಿ ಅವನು ಗಿರಾಕಿಯ ಕೈ ಹಿಡಿದು ಮೇಲೊಂದು ಟವೆಲ್ ಹೊದಿಸುತ್ತಿದ್ದ. ದರ ಬಾಯಲ್ಲಿಲ್ಲ, ಬೆರಳಲ್ಲಿ. ಮನೆಗೆ ಬಂದು ನಾನು ಅವನ ಹುಬ್ಬಿನ ಕುಣಿತವನ್ನು ಅಣಕಿಸಿದರೆ ಅವನೇ ಮೊದಲು ನಗುತ್ತಿದ್ದ. ದೊಡ್ಡವನಾಗಿ ಏನಾಗುತ್ತಿ ಎಂದು ಯಾರೇ ಕೇಳಲಿ, ಎದೆಯುಬ್ಬಿಸಿ 'ಹೇಡಿ' ಎನ್ನುತ್ತಿದ್ದೆ.

ನಾನು ಕಲಿತದ್ದು ಮರಾಠಿ ಸಾಲೆಯಲ್ಲಿ. ಕನ್ನಡದ ಹೇಡಿಯೇ ಬೇರೆ ಎಂದು ತಿಳಿಸಿದ್ದು ಟಿವಿ ಧಾರಾವಾಹಿ. ಓಡಿಹೋಗುತ್ತಿದ್ದವನನ್ನು ನಾಯಕಿ ಹಾಗೆಂದು ಬೈದಳು. ಇವನು ಎತ್ತು ಮಾರಿದ್ದು ಯಾವಾಗ ಎಂದು ನಾನು ತಲೆ ಕೆರೆದುಕೊಂಡೆ. ಎರಡಕ್ಕೂ ಬೇರು ಒಂದೇ ಹೌದೋ ಅಲ್ಲವೋ, ಪಂಡಿತರನ್ನು ಕೇಳಿ. ನನ್ನ ಸ್ವಂತ ಸಂಶೋಧನೆ ಇಷ್ಟೇ: ಎದುರಿಗೆ ಹೇಳಲಾರದ್ದನ್ನು ಟವೆಲಿನಡಿ ಹೇಳುವವನು ಹೇಡಿ. ಮುತ್ಯಾ ಇದ್ದಿದ್ದರೆ ಅದೇ ಟವೆಲಿನಿಂದ ಬಾರಿಸುತ್ತಿದ್ದ.

ಹೋದ ರವಿವಾರ ಗಡಿಯಾಚೆಯ ಇಂಡಿ ಊರಿನಿಂದ ಹುಡುಗಿಯ ಮನೆಯವರು ನಮ್ಮ ಮನೆ ನೋಡಲು ಬಂದರು. ಅವರಿಗೆ ಮರಾಠಿ ಬಾರದು. ಹುಡುಗಿಯನ್ನು ನಾನು ಮೆಚ್ಚಿ ಬಂದಾಗಿತ್ತು; ಅವಳೂ ನನ್ನ ಅಣಕಕ್ಕೆ ನಕ್ಕಿದ್ದಳು. ಉಳಿದದ್ದು ಅವಳ ಅಪ್ಪನ ಒಪ್ಪಿಗೆ. ನಮ್ಮ ಕಾಕಾ ಮೀಸೆ ತೀಡಿ ಸುರು ಮಾಡಿದ: "ನಮ್ಮದು ಮೊದಲಿಂದನೂ ಹೇಡ್ಯಾರ ಮನೆತನ ನೋಡ್ರಿ. ಹುಡುಗನ ಮುತ್ಯಾನಂಥ ಹೇಡಿ ಇಡೀ ತಾಲೂಕಿನಾಗ ಇರಲಿಲ್ಲ."

ಅವಳ ಅಪ್ಪ ಚಹಾದ ಕಪ್ಪು ಕೆಳಗಿಟ್ಟರು. "ಮತ್ತ, ಹುಡುಗ?"

"ಇಂವಾ? ಹೇಡಿ ಆಗಾಕ ಇಂವಗ ಧೈರ್ಯ ಎಲ್ಲೈತ್ರಿ," ಎಂದ ಕಾಕಾ.

ಎಡವಟ್ಟು ತಿಳಿದದ್ದು ನನ್ನೊಬ್ಬನಿಗೆ. ಒಂದು ಮಾತು ಸಾಕಿತ್ತು. ಆದರೆ ಹಿರಿಯರ ನಡುವೆ ಬಾಯಿ ಹಾಕುವುದು ಹೇಗೆ? ಕಂಡಕ್ಟರನ ದನಿ, ಕಾಕಾನ ದನಿ, ಕುರಿಯ ದನಿ ಎಲ್ಲ ಬರುವ ನನಗೆ ನನ್ನದೊಂದು ಬರಲಿಲ್ಲ. ಬಂದವರು ತಿಳಿಸುತ್ತೇವೆ ಎಂದು ಎದ್ದು ಹೋದರು.

ಇಂದು ಅವಳ ಮೆಸೇಜು: "ಅಪ್ಪ ಬ್ಯಾಡ ಅನ್ನಾಕತ್ತಾನ. ನೀನ ಮಾತಾಡು."

ಕಾಕಾನ ದನಿಯಲ್ಲಿ ಮಾತಾಡಿಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಅದೂ ಟವೆಲೇ ಅಲ್ಲವೇ? ಅವಳ ಅಪ್ಪನ ನಂಬರು ಒತ್ತಿದೆ. ಅತ್ತ ರಿಂಗಾಯಿತು.

"ಯಾರ್ರಿ?"

"ನಾನ್ರಿ." ದನಿ ತೆಳ್ಳಗಿತ್ತು, ನಡುಗುತ್ತಿತ್ತು, ಯಾರದನ್ನೂ ಹೋಲುತ್ತಿರಲಿಲ್ಲ. "ಹೇಡ್ಯಾರ ಮನಿ ಹುಡುಗ."