ಮುದುಕವ್ವ ಉಣ್ಣಲು ಬಂದದ್ದು

ರಂಜಾನ್ ಹಬ್ಬದ ಮರುದಿನ ಬೆಳಗ್ಗೆ ಮುಮ್ತಾಜಬಿ ತನ್ನ ಮನೆಯ ಫ್ರಿಜ್ಜನ್ನು ಟಂಟಂ ಆಟೋದಲ್ಲಿ ಹೇರಿಸಿ ತಂಗಿಯ ಮಗ ಅನೀಸನ ಮನೆಗೆ ಕಳಿಸಿದಳು. ಅದರೊಳಗೆ ಹಬ್ಬದ ದಿನ ಉಳಿದ ಮಾಂಸದ ಸಾರು ಇತ್ತು. ಪಾತ್ರೆಯನ್ನಷ್ಟೇ ಕಳಿಸಿದರೆ ಸಾಲದೇ ಎಂದು ಸೊಸೆ ಬೇನಜೀರ ಕೇಳಿದಳು.

"ಪಾತ್ರಿ ಹೋಗತೈತಿ, ವಾಸನಿ ಎಲ್ಲಿ ಹೋಗತೈತಿ?" ಎಂದಳು ಮುಮ್ತಾಜಬಿ.

ಅಡುಗೆಮನೆಯನ್ನು ಮೂರು ಸಲ ತೊಳೆದಾಗಿತ್ತು. ನಾಲ್ಕನೆಯ ಸಲಕ್ಕೆ ಬಕೆಟ್ಟು ಎತ್ತಿದಾಗ ಗಂಡ ರಹಿಮಾನಸಾಬ ಪಾದರಕ್ಷೆ ಮೆಟ್ಟಿದ. "ಇನ್ನ ನಮ್ಮನ್ನೂ ತೊಳದು ಹಗ್ಗಕ್ಕ ಒಣಾಕ ಹಾಕತಾಳ" ಎಂದು ಬ್ಯಾಡಗಿ ಪೇಟೆಯ ಕಡೆ ಹೊರಟೇ ಹೋದ.

ಬರುವವಳು ಎದುರು ಓಣಿಯ ಮುದುಕವ್ವ. ಒಬ್ಬ ದಲಾಲನ ವಖಾರಿಯಲ್ಲಿ ಇವರಿಬ್ಬರೂ ಇಪ್ಪತ್ತೆರಡು ವರ್ಷ ಪಕ್ಕಪಕ್ಕ ಕೂತು ಮೆಣಸಿನಕಾಯಿಯ ತೊಟ್ಟು ಮುರಿದಿದ್ದರು. ಮುದುಕವ್ವ ಲಿಂಗಾಯತಳು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ತನ್ನದರಲ್ಲಿ ಅರ್ಧ ತೆಗೆದು ಮುಮ್ತಾಜಬಿಗೆ ಕೊಡುತ್ತಿದ್ದಳು. ಮುಮ್ತಾಜಬಿಯ ಬುತ್ತಿಯಿಂದ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅದನ್ನು ಇಬ್ಬರೂ ಮಾತಿಗೆ ತಂದವರಲ್ಲ. ಯುಗಾದಿಗೆ ಮುದುಕವ್ವನ ಮನೆಯಿಂದ ಹೋಳಿಗೆ ಬರುತ್ತಿತ್ತು. ರಂಜಾನಿಗೆ ಮುಮ್ತಾಜಬಿಯ ಮನೆಯಿಂದ ಶಾವಿಗೆ, ಸಕ್ಕರೆ, ತುಪ್ಪ, ಗೋಡಂಬಿ ಮೊರದಲ್ಲಿ ಹಸಿಯಾಗಿಯೇ ಹೋಗುತ್ತಿದ್ದವು. ಮುದುಕವ್ವ ತನ್ನ ಒಲೆಯ ಮೇಲೆ ಬೇಯಿಸಿಕೊಂಡು, "ನಿನ್ನ ಪಾಯಸ ಚಲೋ ಆಗಿತ್ತು" ಎಂದು ಹೇಳಿ ಕಳಿಸುತ್ತಿದ್ದಳು. ಮುಮ್ತಾಜಬಿಯ ಮಗನ ಮದುವೆಗೂ ಬಂದು, ಆಯೇರಿಯ ಉಡುಗೊರೆ ಕೊಟ್ಟು, ಬಾಳೆಹಣ್ಣೊಂದನ್ನು ತಾನೇ ಸುಲಿದು ತಿಂದು ಎದ್ದು ಹೋಗಿದ್ದಳು.

ಅಂಥವಳು ಹದಿನೈದು ದಿನದ ಹಿಂದೆ ನಳದ ಹತ್ತಿರ ತಾನಾಗಿಯೇ ಅಂದಳು: "ಈ ಸಲ ಹಸಿ ಸಾಮಾನ ಕಳಸಬ್ಯಾಡ. ನಿನ್ನ ಮನ್ಯಾಗ ಉಣ್ಣಾಕ ಬರ್ತೇನಿ."

ಅಂದಿನಿಂದ ಮುಮ್ತಾಜಬಿಗೆ ಕೂತಲ್ಲಿ ಕೂರಲಾಗಲಿಲ್ಲ. ಬಂದವಳು ಹೊಸ್ತಿಲಲ್ಲಿ ಮೂಗು ಮುಚ್ಚಿದರೆ? ಎಲೆಯ ಮುಂದೆ ಕೂತು ಉಣ್ಣದೆ ಕೈ ತೊಳೆದುಬಿಟ್ಟರೆ? ಹಬ್ಬ ಸೋಮವಾರ ಬಂದಿತ್ತು. ಸೋಮವಾರ ಮುದುಕವ್ವನಿಗೆ ಒಪ್ಪತ್ತು. ಊಟ ಮಂಗಳವಾರಕ್ಕೆ ನಿಗದಿಯಾಯಿತು. ಯಾವ ಅನುಮಾನಕ್ಕೂ ಎಡೆ ಇರಬಾರದೆಂದು ಮುಮ್ತಾಜಬಿ ಕುಪ್ಪೇಲೂರಿನ ಕೊಟ್ರೇಶನನ್ನು ಕರೆಸಿದಳು. ಅವನು ಲಿಂಗಾಯತರ ಮದುವೆಗಳಲ್ಲಿ ಅಡುಗೆ ಮಾಡುವವನು. ಪಾತ್ರೆ, ಸೌಟು, ಕೊನೆಗೆ ಕುಡಿಯುವ ನೀರಿನ ಕೊಡವನ್ನೂ ತಾನೇ ತಂದಿದ್ದ.

"ಅವ್ವಾರ, ನೀವು ಹೊಸ್ತಿಲದಾಚೆ ಕುಂದರ್ರಿ" ಎಂದ. "ನಾಳೆ ಯಾರರ ಕೇಳಿದ್ರ ನಾ ಆಣಿ ಮಾಡಿ ಹೇಳಬೇಕಾಗತೈತಿ."

ಅವಳಿಗೆ ಬೇಕಾದದ್ದೂ ಅದೇ. ಹೋಗಿ ಕಟ್ಟೆಯ ಮೇಲೆ ಕೂತಳು. ಕೂತ ಮೇಲೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಎದ್ದು ಓಣಿಯ ತುದಿ ನೋಡಿದಳು, ಬಂದು ಕೂತಳು, ಮತ್ತೆ ಎದ್ದಳು.

"ಕೊಟ್ರೇಶ, ಕಡ್ಲಿಬ್ಯಾಳಿ ತಳಾ ಹತ್ತಾಕತ್ತೇತಿ ನೋಡೋ."

"ಹತ್ತಿಲ್ಲರಿ!"

"ವಾಸನಿ ಬಂತು."

"ಅದು ಬಾಜೂ ಮನೀದರಿ. ಅವರಿಗೂ ಹೋಗಿ ಹೇಳಿ ಬರ್ರಿ."

ಹನ್ನೆರಡೂವರೆಗೆ ಮುದುಕವ್ವ ಸೊಸೆ ಶೈಲಾಳ ಭುಜ ಹಿಡಿದು ಬಂದಳು. ಮೂಗು ಮುಚ್ಚಲಿಲ್ಲ. ಗೋಡೆಗೆ ಒರಗಿ ಕೂತು, ಹಣೆಗೆ ವಿಭೂತಿ ಹಚ್ಚಿಕೊಂಡು ಎಲೆಯನ್ನು ಎಳೆದುಕೊಂಡಳು. ಶೈಲಾ ಪಕ್ಕದ ಎಲೆಗೆ ಕೂತಳು. ಗೋಧಿ ಹುಗ್ಗಿ, ಎಣ್ಣೆಗಾಯಿ, ಅನ್ನ, ಕಟ್ಟಿನ ಸಾರು ಬಿದ್ದವು. ಮುಮ್ತಾಜಬಿ ಕಂಬದ ಬಳಿ ನಿಂತು ಆ ಕೈಯನ್ನೇ ನೋಡುತ್ತಿದ್ದಳು. ಕೈ ಹುಗ್ಗಿಯನ್ನು ಮುಟ್ಟಿತು. ಬಾಯಿಗೆ ಹೋಯಿತು. ನಿಂತಿತು.

"ಇದು ಕೊಟ್ರೇಶನ ಕೈರುಚಿ" ಎಂದಳು ಮುದುಕವ್ವ. "ನಮ್ಮ ಮಂದಿ ಮದವ್ಯಾಗೆಲ್ಲಾ ಇದನ್ನ ಉಂಡೇನಿ. ನೀ ಮಾಡಿದ್ದು ಯಾವುದು?"

"ನಾ ಏನೂ ಮುಟ್ಟಿಲ್ಲ ಯಕ್ಕಾ!" ಮುಮ್ತಾಜಬಿ ಬಹಳ ಹೆಮ್ಮೆಯಿಂದ ಹೇಳಿದಳು. "ನೀರು ಸುದ್ದಾ ಅವನ ತಂದಾನ. ಬೇಕಾದ್ರ ಕೇಳು."

"ಮತ್ತ ನಾ ಯಾಕ ಬಂದೆ?"

ಮುದುಕವ್ವ ಕೈಯನ್ನು ಎಲೆಯಿಂದ ಹಿಂದಕ್ಕೆ ತೆಗೆದಳು.

"ಮೊಣಕಾಲು ಹಿಡಕೊಂಡು ಓಣಿ ದಾಟಿ ಬಂದೇನಿ. ಕೊಟ್ರೇಶನ ಹುಗ್ಗಿ ಬೇಕಂದ್ರ ಅವನ್ನ ನಮ್ಮ ಮನಿಗೇ ಕರಸತಿದ್ನೆಲ್ಲ? ಹುಚ್ಚಿ, ನೀ ಏನರ ಮಾಡು. ಅಲ್ಲೀತನಕ ನಾ ಉಣ್ಣೂದಿಲ್ಲ."

ಶೈಲಾ ಬಗ್ಗಿ, "ಅತ್ತಿ, ಸುಮ್ನ ಉಣ್ರಿ, ಅವರಿಗೆ ತ್ರಾಸು ಯಾಕ" ಎಂದಳು. ಅವಳ ದನಿಯಲ್ಲಿದ್ದದ್ದು ಮುಮ್ತಾಜಬಿಯ ತ್ರಾಸಿನ ಚಿಂತೆಯಲ್ಲ. ಅದು ಎಲ್ಲರಿಗೂ ತಿಳಿಯಿತು.

ಮುಮ್ತಾಜಬಿ ಹೊಸ್ತಿಲು ದಾಟಿ ಒಳಗೆ ಹೋದಳು. ಕೊಟ್ರೇಶ ಮಾತಾಡದೆ ತನ್ನ ಪಾತ್ರೆಗಳನ್ನು ಒಂದೊಂದಾಗಿ ಒಲೆಯಿಂದ ದೂರ ಸರಿಸಿ ಮುಚ್ಚಿದ. ಅವಳಿಗೆ ಥಟ್ಟನೆ ಹೊಳೆದದ್ದು ಜೋಳದ ರೊಟ್ಟಿ. ಕುದಿಯುವ ನೀರು ಹೊಯ್ದು ಹಿಟ್ಟು ನಾದಿದಳು. ಹಂಚು ಇಡಲು ಹೋದವಳು ತಡೆದು ನಿಂತಳು. ಹೇಳದಿದ್ದರೆ ಯಾರಿಗೂ ತಿಳಿಯದು. ಹೇಳಿದರೆ ಮುದುಕವ್ವ ಎದ್ದು ಹೋಗಬಹುದು. ಹಂಚನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದಳು.

"ಯಕ್ಕಾ, ಈ ಹಂಚಿನ ಮ್ಯಾಲ ತತ್ತಿ ಹುರೀತೀವಿ. ತಿಕ್ಕೇನಿ. ಆದ್ರೂ ಹುರದದ್ದು ಖರೇ."

ಶೈಲಾ ತನ್ನ ಎಲೆಯನ್ನು ಗೇಣುದ್ದ ಆಚೆ ಎಳೆದುಕೊಂಡಳು. ಕೊಟ್ರೇಶ ಬಾಗಿಲಿಗೆ ಬಂದು, "ನನ್ನ ಹಂಚು ಐತ್ರಿ, ಕೊಡ್ಲೇನು?" ಎಂದ.

ಮುದುಕವ್ವ ಹಂಚನ್ನು ನೋಡಿದಳು. ಅವಳೂ ಸುಲಭವಾಗಿ ಹೂಂ ಅನ್ನುವವಳಲ್ಲ. ಎಪ್ಪತ್ನಾಲ್ಕು ವರ್ಷದ ಮಡಿ ಒಂದು ಮಾತಿಗೆ ಕರಗುವ ಬೆಲ್ಲವಲ್ಲ.

"ಬೆಂಕಿ ಮ್ಯಾಲ ಇಡು" ಎಂದಳು ಕೊನೆಗೆ. "ಕೆಂಪಗ ಕಾಯಲಿ. ಆಮ್ಯಾಲ ಬಡಿ."

ಹಂಚು ಹೊಗೆಯಾಡಿತು. ಮುಮ್ತಾಜಬಿ ನಲವತ್ತು ವರ್ಷ ರೊಟ್ಟಿ ಬಡಿದವಳು; ಆದರೂ ಮೊದಲ ರೊಟ್ಟಿಯ ಅಂಚು ಹರಿಯಿತು. ಅದನ್ನು ಬದಿಗಿಡುವಷ್ಟರಲ್ಲಿ ಹೊರಗಿನಿಂದ ಕೂಗು ಬಂತು: "ಹರದದ್ದರ ಇರಲಿ, ತಾ ಇಲ್ಲೆ!"

ಮುದುಕವ್ವ ರೊಟ್ಟಿ ಮುರಿದಳು. ಎಣ್ಣೆಗಾಯಿಯಲ್ಲಿ ಅದ್ದಿ ಬಾಯಿಗಿಟ್ಟಳು. ಹಲ್ಲಿಲ್ಲದ ಕಡೆಯಿಂದ ಹಲ್ಲಿದ್ದ ಕಡೆಗೆ ಸರಿಸಿಕೊಂಡು ಅಗಿದಳು, ನುಂಗಿದಳು. ಶೈಲಾ ಹುಗ್ಗಿಯನ್ನೇ ನೋಡುತ್ತಾ ಕೂತಿದ್ದಳು.

"ನಡುವ ಹಸಿ ಐತಿ" ಎಂದಳು ಮುದುಕವ್ವ, ಇನ್ನೊಂದು ತುಂಡು ಮುರಿಯುತ್ತಾ. "ಉರಿ ಜೋರ ಮಾಡಿ ಮತ್ತೊಂದು ಹಾಕು."

ಮುಮ್ತಾಜಬಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಓಡಿದಳು.