ಗಂಗಕ್ಕನ ಕಿವಿ ಮತ್ತು ಮೆಲ್ಬರ್ನಿಗೆ ಹೊರಟ ಹಾರ್ಮೋನಿಯಂ

ನಮ್ಮ ಗಂಗಕ್ಕನ ಕಿವಿ ಹೋಗೈತೆ ಅಂತ ತುರುವೇಕೆರೇಲಿ ಮೊದಲು ಹಬ್ಬಿಸಿದೋನು ನಾನೇ. ಸುಳ್ಳು ಯಾಕೆ ಹೇಳಲಿ? ಒಂದಿನ ಬಸ್ ಸ್ಟ್ಯಾಂಡ್ ಹತ್ರ ಹಿಂದಿನಿಂದ ಮೂರು ಸಲ ಹಾರನ್ ಹೊಡೆದೆ, ಯಮ್ಮ ತಿರುಗಿ ನೋಡಲಿಲ್ಲ. ನಂಗೆ ರೇಗಿಹೋಯ್ತು. "ಕಿವುಡಿ ಆಗವ್ಳೆ ಕಣ್ರೋ" ಅಂತ ಟೀ ಅಂಗಡೀಲಿ ಅಂದುಬಿಟ್ಟೆ. ಅವಳು ಬೇಕಂತಲೇ ತಿರುಗಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ನನ್ನ ಗಾಡಿ ಹಾರನ್ನು ಕತ್ತೆ ಅರಚಿದಂಗೆ ಐತಂತೆ, ಅದಕ್ಕೆಲ್ಲ ತಿರುಗಿ ನೋಡೋ ದರ್ದು ಅವಳಿಗಿಲ್ಲವಂತೆ.

ನಾನು ಹನುಮಂತರಾಜು. ಟಾಟಾ ಏಸ್ ಇಟ್ಕೊಂಡಿದೀನಿ, ಬಾಡಿಗೆ ಹೊಡೀತೀನಿ. ಇಂಜಿನ್ನಿಗಿಂತ ಮೊದಲು ನಾನೇ ಬಿಸಿ ಆಗ್ತೀನಿ ಅಂತ ನನ್ನ ಹೆಂಡ್ತಿ ಹೇಳ್ತಾಳೆ. ಹೇಳ್ಕೊಳ್ಳಲಿ ಬುಡಿ. ನಾನೀಗ ಹೇಳೋಕೆ ಹೊರಟಿರೋದು ಗಂಗಕ್ಕನ ವಿಷಯ.

ಕೆಂಕೆರೆ ಕಡೆಯಿಂದ ಸೊಸೆಯಾಗಿ ಬಂದೋಳು ಅವಳು. ಗಂಡ ತೀರಿಕೊಂಡು ಹದಿನೆಂಟು ವರ್ಷ ಆಯ್ತು. ಅದಕ್ಕೂ ಮುಂಚಿನಿಂದ ಶ್ರೀರಂಗಯ್ಯ ಸಾವ್ಕಾರ್ರ ಕೊಬ್ಬರಿ ಮಂಡೀಲಿ ಅವಳದ್ದು ಒಂದೇ ಕೆಲಸ, ಕಾಯಿ ಕೇಳೋದು. ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿ ಸುಲಿದು ಅವಳ ಮುಂದೆ ಸುರೀತಾರೆ. ಒಂದೊಂದನ್ನೂ ಕಿವಿ ಹತ್ರ ಹಿಡಿದು ಅಲ್ಲಾಡಿಸ್ತಾಳೆ. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಲೊಡಕ್ ಅಂದ್ರೆ ಬಲಕ್ಕೆ, ಇನ್ನೂ ಅಂಟಿಕೊಂಡಿದ್ರೆ ಎಡಕ್ಕೆ, ಕೆಟ್ಟು ಕೌಟಾಗಿದ್ರೆ ಹಿಂದಕ್ಕೆ ಎಸೀತಾಳೆ. ಹಿಂದೆ ಯಾರು ನಿಂತವ್ರೆ ಅಂತ ನೋಡೋಳಲ್ಲ. ನನ್ನ ಮೊಣಕಾಲಿಗೇ ಎರಡು ಸಲ ಬಿದ್ದೈತೆ. ಕೈ ಕೆಲಸ ಮಾಡ್ತಾ ಇದ್ರೆ ಬಾಯಿ ಊರಿನೋರನ್ನೆಲ್ಲ ಆಡ್ಕೊಂಡು ನಗ್ತಾ ಇರುತ್ತೆ.

ಹೋದ ಯುಗಾದಿ ಕಳೆದ ಮೇಲೆ ಎರಡು ಚೀಲ ಕೌಟು ಕೊಬ್ಬರಿ ತಿಪಟೂರಿಂದ ವಾಪಸ್ ಬಂತು. ಸಾವ್ಕಾರ್ರ ಕಿವಿಗೆ ನನ್ನ ಟೀ ಅಂಗಡಿ ಮಾತೂ ಬಿದ್ದಿತ್ತು. "ಗಂಗಕ್ಕ, ವಯಸ್ಸಾಯ್ತು. ಸೋಮವಾರದಿಂದ ಕಾಯಿ ಕೇಳೋದು ಬುಡು, ಚೀಲ ಹೊಲಿಯೋರ ಜೊತೆ ಕೂತ್ಕೊ" ಅಂದ್ರು. "ನಾನು ಬ್ಯಾಡ ಅಂತ ಹಿಂದಕ್ಕೆ ಎಸೆದ ಕಾಯಿ ಯಾರು ತುಂಬಿದ್ರೋ ಅವರನ್ನ ಕೇಳಿ" ಅಂದ್ಲು. ಯಾರೂ ಕೇಳಲಿಲ್ಲ. ಅವತ್ತಿಂದ ಯಮ್ಮ ನಗೋದೇ ನಿಲ್ಲಿಸಿದ್ಲು. ಮಂಡಿಗೆ ಮಂಡೀನೇ ಬಿಕೋ ಅಂತಿತ್ತು. ನಾನು ಆ ಟೀ ಅಂಗಡಿ ಕಡೆ ಹೋಗೋದೇ ಬಿಟ್ಟೆ.

ಅದೇ ವಾರ ಹಾರ್ಮೋನಿಯಂ ಬಂತು.

ಸಂಪಿಗೆ ಊರಿನ ತೋಂಟದಾರ್ಯ ಮೇಷ್ಟ್ರು ಅಂದ್ರೆ ಸುತ್ತ ನಲವತ್ತು ಹಳ್ಳಿಗೆ ನಾಟಕ ಕಲಿಸಿದೋರು. ಅವರದ್ದು ಕಾಲಲ್ಲಿ ತುಳಿದು ನುಡಿಸೋ ಲೆಗ್ ಹಾರ್ಮೋನಿಯಂ, ಒಂದು ಮೇಜಿನಷ್ಟು ದೊಡ್ಡದು. ಈಗ ಮೇಷ್ಟ್ರ ಮಂಡಿಚಿಪ್ಪು ಸವೆದು ತುಳಿಯೋಕೆ ಆಗಲ್ಲ. ಮೆಲ್ಬರ್ನಲ್ಲಿ ಬಸ್ ಓಡಿಸೋ ಸಿದ್ದಾರ್ಥ್ ಅಂತ ಅವರ ಶಿಷ್ಯ ಅವ್ನೆ. ಅಲ್ಲಿನ ಕನ್ನಡದೋರನ್ನ ಕಟ್ಕೊಂಡು ಪೌರಾಣಿಕ ನಾಟಕ ಆಡಿಸ್ತಾನಂತೆ. "ಕೀಬೋರ್ಡಲ್ಲಿ ಕಂದಪದ್ಯ ಹಾಡುದ್ರೆ ಕರೆಂಟ್ ಹಾಡ್ದಂಗೆ ಕೇಳುತ್ತೆ, ನಿಮ್ಮ ಪೆಟ್ಟಿಗೆ ಕೊಡಿ ಮೇಷ್ಟ್ರೇ" ಅಂತ ಫೋನಲ್ಲಿ ಅತ್ತನಂತೆ. ಮೇಷ್ಟ್ರು ಒಪ್ಪಿದ್ರು. ಅವರ ಹೆಂಡ್ತಿ ರಾಧಾಮಣಿಯಮ್ಮ ಎರಡು ದಿನ ಊಟ ಬಿಟ್ರು. ಮಕ್ಕಳಿಲ್ಲದ ಮನೆ ಅದು. ನಲವತ್ತು ವರ್ಷ ಆ ಪೆಟ್ಟಿಗೆ ಒರೆಸಿ, ಬಟ್ಟೆ ಹೊದಿಸಿ, ಮಗಳು ಅಂತಲೇ ಕರೀತಿದ್ರು.

ಪ್ಯಾಕ್ ಮಾಡೋಕೆ ವಿಶಾಲವಾದ ಜಾಗ ಬೇಕು, ಎತ್ತೋಕೆ ಆಳು ಬೇಕು. ಅದಕ್ಕೆ ಶ್ರೀರಂಗಯ್ಯನವರ ಮಂಡೀನೇ ಸರಿ ಅಂತ ನಾನೇ ಗಾಡೀಲಿ ಹೇರಿಕೊಂಡು ಬಂದೆ. ಮೇಷ್ಟ್ರು, ರಾಧಾಮಣಿಯಮ್ಮ ಇಬ್ಬರೂ ಹಿಂದೆ ಪೆಟ್ಟಿಗೆ ಹಿಡ್ಕೊಂಡು ಕೂತಿದ್ರು. ಉಬ್ಬು ಬಂದಾಗೆಲ್ಲ ಮೇಷ್ಟ್ರು ಅಲ್ಲಿಂದಲೇ ನನ್ನ ವಂಶಾವಳಿ ಎತ್ತಿ ಬೈತಿದ್ರು. ನಾನೂ ಸುಮ್ನಿರಲಿಲ್ಲ ಅನ್ನಿ.

ಮೊದಲನೇ ಸಲ ನಾವು ಮಾಡಿದ ಪ್ಯಾಕಿಂಗ್ ನೀವು ನೋಡಬೇಕಿತ್ತು! ತೆಂಗಿನ ನಾರು, ಸಿಪ್ಪೆ, ಗೊಬ್ಬರದ ಖಾಲಿ ಚೀಲ, ಮೇಲೆ ತೆಂಗಿನ ಹಗ್ಗ. ಎತ್ತಿ ಹಾಕಿದ್ರೂ ಏನೂ ಆಗಲ್ಲ ಅಂತ ಎದೆ ಉಬ್ಬಿಸಿ ಬೆಂಗಳೂರಿನ ಶಿಪ್ಪಿಂಗ್ ಏಜೆಂಟ್‌ಗೆ ಫೋಟೋ ಕಳಿಸಿದೆ. ಆಯಪ್ಪ ತಕ್ಷಣ ಫೋನ್ ಮಾಡಿ ಕೂಗಾಡಿದ.

"ರೀ, ಅದು ಆಸ್ಟ್ರೇಲಿಯಾ ಕಣ್ರೀ! ನಾರು, ಎಲೆ, ಹುಲ್ಲು, ಒಂದು ಕಾಳು ಧಾನ್ಯ ಕಂಡ್ರೂ ಪೆಟ್ಟಿಗೆ ತಡೀತಾರೆ. ವಾಪಸ್ ಕಳಿಸ್ತಾರೋ ಸುಟ್ಟು ಹಾಕ್ತಾರೋ ನಂಗೊತ್ತಿಲ್ಲ. ಫೋಮ್ ಹಾಕಿ, ಬಬಲ್ ಶೀಟ್ ಸುತ್ತಿ, ಹುಳ ಹಿಡಿಯದಂಗೆ ಬಿಸಿ ಮಾಡಿ ಮುದ್ರೆ ಒತ್ತಿರೋ ಮರದ ಪೆಟ್ಟಿಗೇಲಿ ಇಡ್ರೀ!"

ತುರುವೇಕೆರೇಲಿ ಕೂತ್ಕೊಂಡು ತೆಂಗಿನ ನಾರು ಮುಟ್ಟಬೇಡಿ ಅಂದ್ರೆ ಏನರ್ಥ? ನಾನು ಫೋನಲ್ಲೇ ಜಗಳಕ್ಕೆ ಬಿದ್ದೆ. ಸಾವ್ಕಾರ್ರು ಫೋನ್ ಕಿತ್ಕೊಂಡು "ಆಯ್ತು ಸಾರ್, ಹಂಗೇ ಮಾಡ್ತೀವಿ" ಅಂದ್ರು. ಎಲ್ಲ ಬಿಚ್ಚಿದ್ವಿ. ಬ್ರಷ್‌ನಲ್ಲಿ ಒಂದೊಂದು ಎಳೆ ನಾರೂ ತೆಗೆದ್ವಿ. ಮೇಷ್ಟ್ರು ಗಾಳಿ ಊದೋ ತಿದಿಯನ್ನ ಬಟ್ಟೇಲಿ ಕಟ್ಟಿದ್ರು, ಬೆರಳಿಟ್ಟು ಒತ್ತೋ ಸ್ವರದ ಮನೆಗಳು ಅಲ್ಲಾಡದಂಗೆ ಮೆತ್ತನೆ ಪಟ್ಟಿ ಇಟ್ರು, ಕಾಲು ಮಡಚಿದ್ರು. ಹಾರ್ಮೋನಿಯಂ ಮುಚ್ಚಳ ಹಾಕೋದೊಂದು ಬಾಕಿ ಇತ್ತು, ಗಂಡಸರೆಲ್ಲ ಕಾಫಿಗೆ ಹೋದ್ವಿ. ಬಂದು ಒಳಗೆ ಇಣುಕಿಯೂ ನೋಡದೆ ಮುಚ್ಚಿ, ಫೋಮ್ ಸುತ್ತಿ, ಮರದ ಪೆಟ್ಟಿಗೇಲಿ ಇಳಿಸಿ ಸ್ಕ್ರೂ ಬಿಗಿದ್ವಿ. ನಾಲ್ಕು ಜನ ಎತ್ತಿದ್ವಿ.

"ಇಳಿಸ್ರಲಾ" ಅಂತ ಮೂಲೆಯಿಂದ ಒಂದು ಕೂಗು. ಗಂಗಕ್ಕ! ಚೀಲ ಹೊಲಿಯೋ ದಬ್ಬಳ ಕೈಯಲ್ಲೇ ಹಿಡ್ಕೊಂಡು ಬಂದವ್ಳೆ. "ಒಳಗೆ ಏನೋ ಉರುಳ್ತು."

ನಾವ್ಯಾರೂ ಏನೂ ಕೇಳಿರಲಿಲ್ಲ. ಫೋಮಿನೊಳಗೆ ಏನು ಕೇಳುತ್ತೆ? "ಯಕ್ಕ, ನಿನಗೆ ಕಂಡಿದ್ದೆಲ್ಲ ತೆಂಗಿನಕಾಯೇ" ಅಂದೆ. ಎಲ್ಲ ನಕ್ರು. ಅವಳು ಪೆಟ್ಟಿಗೆಗೆ ಕಿವಿ ಒತ್ತಿ "ಅಲ್ಲಾಡ್ಸು" ಅಂದ್ಲು. ಅಲ್ಲಾಡಿಸಿದ್ವಿ.

"ಉಂಡೆ ಕೊಬ್ಬರಿ ಐತೆ ಒಳಗೆ."

ಈಗಂತೂ ನಗು ತಡೆಯೋಕೆ ಆಗಲಿಲ್ಲ, ನಾನು ಚೀಲದ ಮೇಲೆ ಬಿದ್ದು ನಕ್ಕೆ. ಸಾವ್ಕಾರ್ರು ಒಬ್ಬರೇ ಮುಖ ಗಂಟು ಹಾಕ್ಕೊಂಡು "ನೋಡಿದ್ರಾ, ನಾನು ಹೇಳಿದ್ದು ಸರಿ ತಾನೇ? ಕಿವಿ ಕೆಟ್ಟೈತೆ" ಅಂದ್ರು. ಗಂಗಕ್ಕ ದಬ್ಬಳವನ್ನ ಅವರ ಮೇಜಿನ ಮೇಲೆ ಚುಚ್ಚಿ ನಿಲ್ಲಿಸಿದ್ಲು.

"ಸಾವ್ಕಾರ್ರೇ, ಬಿಚ್ಚಿ ನೋಡಿ. ಒಳಗೆ ಏನೂ ಇಲ್ದಿದ್ರೆ ಸಾಯೋವರೆಗೂ ಚೀಲ ಹೊಲೀತೀನಿ, ಇನ್ನೊಂದು ಕಾಯಿ ಮುಟ್ಟಲ್ಲ. ಇದ್ರೆ ನನ್ನ ಜಾಗ ನಂಗೆ."

ಹದಿನಾರು ಸ್ಕ್ರೂ. ಒಂದೊಂದು ಬಿಚ್ಚುವಾಗಲೂ ನಾನು ಗೊಣಗಿದೆ. ಫೋಮ್ ಬಿಚ್ಚಿ ಹಾರ್ಮೋನಿಯಂ ಮುಚ್ಚಳ ಎತ್ತಿದ್ರೆ ಒಳಗೆ ಹಸಿರು ರವಿಕೆ ಕಣ, ಅದರ ಗಂಟು ಸಡಿಲಾಗಿ ಅಕ್ಕಿ ಚೆಲ್ಲೈತೆ, ಅರಿಶಿನದ ಕೊಂಬು, ಬೆಲ್ಲದ ಅಚ್ಚು, ನಡುವೆ ದುಂಡಗೆ ಕೂತೈತೆ ಒಂದು ಉಂಡೆ ಕೊಬ್ಬರಿ!

ರಾಧಾಮಣಿಯಮ್ಮ ಸೆರಗು ಬಾಯಿಗೆ ಹಿಡ್ಕೊಂಡು ನಿಂತಿದ್ರು. ನಾವು ಕಾಫಿಗೆ ಹೋದಾಗ ಮಡ್ಲಕ್ಕಿ ತುಂಬಿಬಿಟ್ಟಿದ್ರು.

"ಲೇ, ಅದು ಹಾರ್ಮೋನಿಯಂ ಕಣೇ!" ಅಂತ ಮೇಷ್ಟ್ರು ಕಿರುಚಿದ್ರು.

"ಇದ್ರೇನ್ರೀ? ಅಷ್ಟು ದೂರ ಹೋಗೋ ಹೆಣ್ಣುಮಗೂನ ಬರೀ ಮಡ್ಲಲ್ಲಿ ಕಳಿಸ್ತಾರಾ?"

ಅಯ್ಯೋ, ಮಂಡೀಲಿ ಎದ್ದ ನಗು! ಬೀದಿಯೋರು ಓಡಿ ಬಂದ್ರು. ಮೇಷ್ಟ್ರು ಬೈಯೋಕೆ ಬಾಯಿ ತೆಗೆದು ತಾವೇ ನಗ್ತಾ ಕೂತುಬಿಟ್ರು. ಸಾವ್ಕಾರ್ರು ಮಾತ್ರ ಸೋಲೊಪ್ಪೋ ಗಿರಾಕಿ ಅಲ್ಲ. "ಅಷ್ಟು ದಪ್ಪ ಕೊಬ್ಬರಿ ಉರುಳಿದ್ರೆ ಕಲ್ಲಿಗೂ ಕೇಳ್ಸುತ್ತೆ" ಅಂದ್ರು. ಈಗ ತಾನೇ ಅವಳ ಕಿವಿ ಕೆಟ್ಟೈತೆ ಅಂದ ಮನುಷ್ಯ! ನಂಗೆ ಮೈ ಉರೀತು.

ಅಕ್ಕಿ ಆರಿಸೋಕೆ ಕೂತ್ವಿ. ಬಗ್ಗಿಸಿದ್ವಿ, ಕೊಡವಿದ್ವಿ, ಬ್ರಷ್ ಆಡಿಸಿದ್ವಿ, ಪಕ್ಕದ ಮೊಬೈಲ್ ಅಂಗಡಿಯಿಂದ ಧೂಳು ಊದೋ ಮಿಷನ್ ತಂದು ಊದಿದ್ವಿ. ರಾಧಾಮಣಿಯಮ್ಮ ಪ್ರತಿ ಕಾಳನ್ನೂ ಆಯ್ದು ಅದೇ ಕಣದಲ್ಲಿ ಕಟ್ಕೊಂಡ್ರು. ಕೊನೆಗೆ ಮೇಷ್ಟ್ರು ಟಾರ್ಚ್ ಬಿಟ್ಟು ನೋಡಿ "ಮುಗೀತು, ಶುದ್ಧ" ಅಂದ್ರು.

"ಇನ್ನೊಂದೈತೆ" ಅಂದ್ಲು ಗಂಗಕ್ಕ.

"ಸಾಕು ಸುಮ್ಕಿರು" ಅಂದ್ರು ಸಾವ್ಕಾರ್ರು. ಅಷ್ಟರಲ್ಲಿ ನಾನೇ ಎದ್ದು ಫ್ಯಾನ್ ಆಫ್ ಮಾಡಿದೆ. "ಸಾವ್ಕಾರ್ರೇ, ಇವಳು ಕಿವುಡಿ ಅಂತ ಊರಿಗೆ ಹೇಳಿದೋನು ನಾನು. ಒಂದು ಸಲ ಕೇಳಿ ಬುಡೋಣ" ಅಂದೆ. ಗಂಗಕ್ಕ ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಕೌಟು ಕಾಯಿ ಎಸೆಯೋಕೆ ಮುಂಚೆ ನೋಡ್ತಾಳಲ್ಲ, ಹಂಗಿತ್ತು.

ಫೋನೆಲ್ಲ ಬಂದ್. ಬಾಗಿಲಲ್ಲಿದ್ದ ನಾಯಿ ಓಡಿಸಿದ್ವಿ. ನಾಲ್ಕು ಜನ ಹಾರ್ಮೋನಿಯಂ ಎತ್ತಿ ಮೆಲ್ಲಗೆ ಓರೆ ಮಾಡಿದ್ವಿ. ಗಂಗಕ್ಕ ಕಣ್ಣು ಮುಚ್ಚಿ ಮರಕ್ಕೆ ಕೆನ್ನೆ ಇಟ್ಲು. "ಎಡಕ್ಕೆ... ಇನ್ನೂ... ಈಗ ಬಲಕ್ಕೆ." ನನ್ನ ಕೈ ಬಿದ್ದು ಹೋಗ್ತಿತ್ತು, ಉಸಿರು ಬಿಟ್ರೆ ಬೈತಿದ್ಲು. "ಇಲ್ಲಿ" ಅಂತ ಬಲಗಡೆ ತುದಿಗೆ ಬೆರಳಿಟ್ಲು.

ಮೇಷ್ಟ್ರು ಆ ತುದಿಯ ಸ್ವರಪಟ್ಟಿಯ ಹಲಗೆ ಬಿಚ್ಚಿ ಎತ್ತಿದ್ರು. ಸಾವ್ಕಾರ್ರು ಅನುಮಾನದಲ್ಲೇ ಅಂಗೈ ಒಡ್ಡಿದ್ರು. ಬಿತ್ತು ಒಂದು ಅಕ್ಕಿ ಕಾಳು!

ನಾನು ಕುಣಿದೆ ಕಣ್ರೀ. ಐವತ್ತೆರಡು ವರ್ಷದ ಗಂಡಸು, ಕೊಬ್ಬರಿ ಚೀಲದ ಮೇಲೆ ಹತ್ತಿ ಕುಣಿದೆ. ಮೇಷ್ಟ್ರು ಮಂಡಿ ನೋವು ಮರೆತು ಎರಡು ಹೆಜ್ಜೆ ಹಾಕಿದ್ರು. ಸಾವ್ಕಾರ್ರು ಆ ಕಾಳನ್ನೇ ನೋಡ್ತಾ ನಿಂತಿದ್ರು. ಆಮೇಲೆ ಹೋಗಿ, ಅವಳು ಕೂರ್ತಿದ್ದ ಮಣೆ ತಂದು ಕಾಯಿ ರಾಶಿ ಮುಂದೆ ಇಟ್ರು. ಗಂಗಕ್ಕ ಕೂತ್ಲು, ಒಂದು ಕಾಯಿ ಎತ್ತಿ ಅಲ್ಲಾಡಿಸಿದ್ಲು, ಹಿಂದಕ್ಕೆ ಎಸೆದ್ಲು. ನನ್ನ ಮೊಣಕಾಲಿಗೇ ಬಿತ್ತು. ಅದು ಕೌಟಾಗಿರಲಿಲ್ಲ ಅಂತ ನಾನು ಆಣೆ ಮಾಡಿ ಹೇಳ್ತೀನಿ.

ಎರಡೂವರೆ ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಸಿದ್ದಾರ್ಥ್ ವಿಡಿಯೋ ಕಾಲ್ ಮಾಡಿದ. ಮೇಷ್ಟ್ರು, ರಾಧಾಮಣಿಯಮ್ಮ ಇಬ್ಬರೂ ಮಂಡಿಗೇ ಬಂದಿದ್ರು, ಎಲ್ಲರ ಜೊತೆ ನೋಡಬೇಕು ಅಂತ. ಅಲ್ಲಿನ ಅಧಿಕಾರಿಗಳು ಪೆಟ್ಟಿಗೆ ಬಿಚ್ಚಿ ಮೂಲೆಮೂಲೆ ತಡಕಾಡಿ ಏನೂ ಸಿಗದೆ ಬಿಟ್ಟರಂತೆ. ಒಂದು ಸ್ಕ್ರೂ ಸಡಿಲಾಗಿಲ್ಲ, ಒಂದು ಮನೆ ಬಿರುಕು ಬಿಟ್ಟಿಲ್ಲ. ಸಿದ್ದಾರ್ಥ್ ಕಾಲಲ್ಲಿ ತುಳಿದು ನುಡಿಸಿದ. ಇಲ್ಲಿ ಮೇಷ್ಟ್ರ ಬೆರಳು ಕೊಬ್ಬರಿ ಚೀಲದ ಮೇಲೆ ಓಡ್ತಿತ್ತು, ಕಣ್ಣಲ್ಲಿ ನೀರು ಸುರೀತಿತ್ತು, ಬಾಯಿ ನಗ್ತಿತ್ತು.

ರಾಧಾಮಣಿಯಮ್ಮ ತಮ್ಮ ಕೈಚೀಲದಿಂದ ಆ ಹಸಿರು ಕಣದ ಗಂಟು ತೆಗೆದ್ರು. ಮಗಳು ಸೇರಿದ ಸುದ್ದಿ ಬರೋವರೆಗೂ ದೇವರ ಗೂಡಲ್ಲಿ ಇಟ್ಟಿದ್ರಂತೆ. ಸೀದಾ ಗಂಗಕ್ಕನ ಮುಂದೆ ಹೋಗಿ ನಿಂತ್ರು.

"ಏಳು, ಸೆರಗೊಡ್ಡು."

ಗಂಗಕ್ಕ ಎದ್ದು ಹಿಂದಕ್ಕೆ ಸರಿದ್ಲು. "ಅಯ್ಯೋ ಬುಡಿ ರಾಧಮ್ಮ. ಗಂಡ ಸತ್ತೋಳಿಗೆ ಯಾರಾದ್ರೂ ಮಡ್ಲಕ್ಕಿ ತುಂಬ್ತಾರಾ?"

"ನಾನು ತುಂಬ್ತೀನಿ. ನನ್ನ ಮಗಳನ್ನ ಸಮುದ್ರ ದಾಟಿಸಿದೋಳು ನೀನು. ಒಡ್ಡೇ ಸೆರಗು."

ಹದಿನೆಂಟು ವರ್ಷ ಆಗಿತ್ತು ಆ ಸೆರಗಿಗೆ ಯಾರೂ ಒಂದು ಹಿಡಿ ಅಕ್ಕಿ ಹಾಕಿ. ನಮ್ಮಲ್ಲಿ ಯಾರಿಗೂ ಅದು ಹೊಳೆದೇ ಇರಲಿಲ್ಲ, ನಂಗೆ ನಾಚಿಕೆ ಆಯ್ತು. ಅಕ್ಕಿ ಸುರೀತು, ಬೆಲ್ಲ ಬಿತ್ತು, ಉಂಡೆ ಕೊಬ್ಬರಿ ಮೇಲೆ ಕೂತ್ಕೊಂತು. ಗಂಗಕ್ಕ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ಲು, ರೆಪ್ಪೆ ಸಂದೀಲಿ ನೀರು ಇಳೀತಿತ್ತು.

"ಒಂದು ಕಾಳು ಕೆಳಗೆ ಬಿತ್ತು ಕಣ್ರೀ" ಅಂದ್ಲು, ಕಣ್ಣು ಬಿಡದೆ. "ಬಲಗಡೆ."

ಎಲ್ಲರಿಗಿಂತ ಮೊದಲು ಪಂಚೆ ಎತ್ತಿ ಕಟ್ಟಿ, ನೆಲದ ಮೇಲೆ ಕೈಯೂರಿ ಹುಡುಕೋಕೆ ಶುರು ಮಾಡಿದೋರು ಶ್ರೀರಂಗಯ್ಯ ಸಾವ್ಕಾರ್ರು.