ಗುಡಿ ಅಂಗಳದ ಸೆವಿಲ್ಲಾ

ನನ್ನ ಮಾತನ್ನು ಚಿಕ್ಕೇರೂರಿನಲ್ಲಿ ಅರ್ಧಕ್ಕೆ ಇಳಿಸಿ ಕೇಳುತ್ತಾರೆ. ಹಾವು ಕಂಡೆ ಎಂದರೆ ಎರೆಹುಳ ಎಂದುಕೊಳ್ಳುತ್ತಾರೆ. ಇದು ನನಗೆ ಗೊತ್ತಿರುವುದರಿಂದ ಮೊದಲೇ ಎರಡು ಪಟ್ಟು ಹೇಳಿಬಿಡುತ್ತೇನೆ, ಅಲ್ಲಿಗೆ ಸರಿಹೋಗುತ್ತದೆ. ದೆವ್ವ, ಗಾಳಿ, ಕಣ್ಣುಕಟ್ಟು ಯಾವುದನ್ನೂ ನಾನು ನಂಬುತ್ತಿರಲಿಲ್ಲ. ಊರಿಗೆ ಅಂಥ ಕತೆ ತಯಾರಿಸಿ ಹಂಚುವವನೇ ನಾನಾಗಿರುವಾಗ ಹೇಗೆ ನಂಬಲಿ? ಆದರೆ ಈಗ ಬರೆಯುವುದನ್ನು ಮಾತ್ರ ದಯವಿಟ್ಟು ಇಳಿಸದೆ ಓದಿ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮೂರ ಡೊಳ್ಳಿನ ಮೇಳಕ್ಕೆ ಸ್ಪೇನ್ ದೇಶದ ಸೆವಿಲ್ಲಾ ಎಂಬ ಊರಿಗೆ ಹೋಗುವ ಅವಕಾಶ ಬಂತು. ಮೇಳದಲ್ಲಿ ನಮ್ಮ ಮಾಳಪ್ಪ ಕಾಕಾನೂ ಇದ್ದ. ಡೊಳ್ಳು ಹೊತ್ತರೆ ಆನೆಯಂಥ ಮನುಷ್ಯ. ಡೊಳ್ಳು ಇಳಿಸಿದರೆ ಹಿರೇಕೆರೂರ ಸಂತೆಯಲ್ಲೂ ದಾರಿ ತಪ್ಪುತ್ತಿದ್ದ. ಒಮ್ಮೆ ಮೆಣಸಿನಕಾಯಿ ತರಲು ಹೋದವನನ್ನು ಮಾಸೂರಿನ ಬಸ್ಸಿನವರು ಕರೆತಂದು ಬಿಟ್ಟಿದ್ದರು. ಅವನು ಪರದೇಶದಿಂದ ತಿರುಗಿ ಬರುವುದೇ ಇಲ್ಲ ಎಂದು ಅವನ ಹೆಂಡತಿ ನೀಲವ್ವ ಚಿಗವ್ವ ಅಳುತ್ತ ಕುಳಿತಳು. ಹೊಟ್ಟೆಯಲ್ಲಿ ಆಗ ಅವರ ಮೊದಲ ಕೂಸು.

"ನಾ ಅದೀನಲ್ಲ ಚಿಗವ್ವ! ಸೆವಿಲ್ಲಾ ನನಗ ಅಂಗೈಯಾಗಿನ ಗೆರಿ ಇದ್ದಂಗ" ಎಂದೆ.

ಇದು ಪೂರ್ತಿ ಸುಳ್ಳಲ್ಲ. ಸವಣೂರಿನಲ್ಲಿ ಖಾರ ಕಟ್ಟಿಕೊಡುವ ಅಂಗಡಿಯ ರದ್ದಿಯಲ್ಲಿ ನನಗೆ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಪ್ರವಾಸಿಗರಿಗೆ ಸೆವಿಲ್ಲಾ ತೋರಿಸುವ ಪುಸ್ತಕ. ಎಲ್ಲಿ ನೋಡಬೇಕು, ಏನು ತಿನ್ನಬೇಕು, ಯಾವ ಹೊತ್ತಿಗೆ ಊರು ಮಲಗುತ್ತದೆ, ಯಾವ ಹೊತ್ತಿಗೆ ಏಳುತ್ತದೆ ಎಂಬುದೆಲ್ಲ ಅದರಲ್ಲಿತ್ತು. ಆದರೆ ನಕ್ಷೆಯೂ ಕೊನೆಯ ಪುಟಗಳೂ ಇರಲಿಲ್ಲ. ಅರ್ಧ ನಗರ ಆಗಲೇ ಸವಣೂರಿನವರ ಖಾರ ಕಟ್ಟಿಕೊಂಡು ಹೋಗಿತ್ತು.

ನಮ್ಮ ಮೇಳದವರು ಏನನ್ನೇ ಕಲಿತರೂ ಕಾಲಿನಿಂದ ಕಲಿಯುತ್ತಾರೆ, ಬಾಯಿಯಲ್ಲಿ ಡೊಳ್ಳಿನ ಪೆಟ್ಟು ಹೇಳಿಕೊಂಡು. ಹಾಗಾಗಿ ಬೀರಪ್ಪನ ಗುಡಿ ಅಂಗಳದಲ್ಲಿ ಬೂದಿಯಿಂದ ಸೆವಿಲ್ಲಾ ಬರೆದೆ. ಒಳಕಲ್ಲು ದೊಡ್ಡ ಚರ್ಚು. ದನಕ್ಕೆ ನೀರು ಕುಡಿಸುವ ಬಾನಿ ಅಲ್ಲಿನ ಹೊಳೆ. ಢಣ್ ಎಂದರೆ ಬಲಕ್ಕೆ, ಢಕ್ ಎಂದರೆ ಎಡಕ್ಕೆ. ಚರ್ಚಿನ ಗೋಪುರಕ್ಕೆ ಮೆಟ್ಟಿಲಿಲ್ಲ, ಇಳಿಜಾರು ದಾರಿ, ಹಿಂದೆ ಕುದುರೆ ಮೇಲೆ ಕುಳಿತು ಹತ್ತುತ್ತಿದ್ದರು ಎಂದೆ.

"ಕುದುರಿ ಹತ್ತತೈತಿ ಅಂದ್ರ ಮಾಳ್ಯಾನೂ ಹತ್ತತಾನ ಬಿಡು" ಎಂದ ಮೇಳದ ಹಿರಿಯ ಹನುಮಂತಜ್ಜ.

"ನೀವ ಮುಂದ ನಡೀರಿ ಅಜ್ಜಾ. ಧೋತರದ ಬಾಲ ನಿಮಗೂ ಐತಿ" ಎಂದ ಕಾಕಾ.

ಬೀದಿಯ ಕಿತ್ತಳೆ ಕಹಿ, ಕೀಳಬೇಡಿ. ರಾತ್ರಿ ಹತ್ತಕ್ಕೆ ಮುಂಚೆ ಯಾರೂ ಊಟ ಹಾಕುವುದಿಲ್ಲ, ಹೊಟ್ಟೆಗೆ ರೊಟ್ಟಿ ಕಟ್ಟಿಕೊಳ್ಳಿ. ಇಲ್ಲಿಯವರೆಗೂ ಪುಸ್ತಕವಿತ್ತು. ಮುಂದೆ ಪುಟವಿಲ್ಲ, ಜನರಂತೂ ಬಾಯಿ ತೆರೆದು ಕುಳಿತಿದ್ದಾರೆ. ನಿಲ್ಲಿಸಲು ನನ್ನಿಂದಾಗಲಿಲ್ಲ. ಎರಡು ಎತ್ತು ಎದುರಾದರೆ ಒಂದು ಹಿಂದೆ ಸರಿಯಬೇಕಾದ ಸಂದಿಗಳನ್ನು ಎಳೆದೆ. ಒಂದು ನೀಲಿ ಬಾಗಿಲು ಇಟ್ಟೆ. ಅದರ ಹೊಸ್ತಿಲ ಮೇಲೆ ಒಕ್ಕಣ್ಣಿನ ಬೆಕ್ಕನ್ನು ಕೂರಿಸಿದೆ. ಅಷ್ಟರಲ್ಲಿ ಅಂಗಳ ಮುಗಿದು ಗುಡಿಯ ಗೋಡೆ ಬಂತು. "ಇಲ್ಲಿ ದಾರಿ ಬಂದ್. ಗ್ವಾಡಿಗೆ ಆತು ಕುಂದರ್ರಿ, ಹಲ್ಲಿಲ್ಲದ ಮುದುಕಿ ಬಂದು ಕುಡಿಯಾಕ ಕೊಡ್ತಾಳ" ಎಂದೆ. ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಢಣ್ ಢಣ್ ಢಕ್ ಎಂದು ಮತ್ತೆ ಮೊದಲಿನಿಂದ ನಡೆದ.

ಮೇಳ ಹೋಯಿತು. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಊರಿನ ಒಂದೇ ಫೋನಿಗೆ, ಅಂದರೆ ಅಂಚೆ ಕಚೇರಿಗೆ, ಮೇಳವನ್ನು ಕಳಿಸಿದ್ದ ಬೆಂಗಳೂರಿನವರಿಂದ ಸುದ್ದಿ ಬಂತು. ಮಾಳಪ್ಪ ನಿನ್ನೆ ಸಂಜೆಯಿಂದ ಕಾಣುತ್ತಿಲ್ಲ. ಮೆರವಣಿಗೆಯ ಗದ್ದಲದಲ್ಲಿ ಜೊತೆಯವರ ಕೈ ತಪ್ಪಿದ್ದಾನೆ. ಹುಡುಕುತ್ತಿದ್ದಾರೆ.

ನಾನು ಓಡಿದೆ. ಚಿಗವ್ವ ಕೊಟ್ಟಿಗೆಯ ಮುಂದೆ ಸಗಣಿಯ ಕುಳ್ಳು ತಟ್ಟುತ್ತಿದ್ದಳು. ಅಳುತ್ತಾಳೆಂದುಕೊಂಡಿದ್ದೆ, ಅಳಲಿಲ್ಲ.

"ನೀ ಕಲಿಸಿದ್ದು ಐತೆಲ್ಲ ಅವರಿಗೆ. ನಿದ್ದಿಯಾಗೂ ಢಣ್ ಢಕ್ ಅಂತಿದ್ರು. ಬರ್ತಾರ ತಗೋ" ಎಂದಳು.

ಓದುಗರೇ, ಇಡೀ ಊರಿನಲ್ಲಿ ಆ ಹೊತ್ತು ಹೆದರಿದ್ದವನು ನಾನೊಬ್ಬನೇ. ನೀಲಿ ಬಾಗಿಲು ಎಲ್ಲಿಯೂ ಇಲ್ಲವೆಂದು ಗೊತ್ತಿದ್ದವನೂ ನಾನೊಬ್ಬನೇ. ಇಲ್ಲದ ಸಂದಿಯಲ್ಲಿ ಕಾಕಾ ತಿರುಗುತ್ತಿದ್ದಾನೆ, ಅದರ ಕೊನೆಗೆ ನಾನೇ ಒಂದು ಗೋಡೆ ಹಾಕಿದ್ದೇನೆ! ಹೇಳಿಬಿಡಲೇ ಎಂದು ಬಾಯಿ ತೆರೆದೆ. ಅವಳ ಹೊಟ್ಟೆ ನೋಡಿ ಮುಚ್ಚಿದೆ.

ಕಾಲು ತಾನಾಗಿ ಗುಡಿ ಅಂಗಳಕ್ಕೆ ಎಳೆಯಿತು. ಮಧ್ಯಾಹ್ನದ ಬಿಸಿಲು, ಒಂದು ನಾಯಿಯೂ ಇರಲಿಲ್ಲ. ಬೂದಿ ಗಾಳಿಗೆ ಹಾರಿತ್ತಾದರೂ ಅಷ್ಟು ಜನರ ಕಾಲು ಸವೆಸಿದ ದಾರಿ ನೆಲದಲ್ಲಿ ಉಳಿದಿತ್ತು. ಒಳಕಲ್ಲಿನಿಂದ ನಡೆದೆ. ಢಣ್ ಢಣ್ ಢಕ್. ಗೋಡೆಯ ಹತ್ತಿರ ಬಂದೆ. ಏಕೆ ಹಾಗೆ ಮಾಡಿದೆನೋ ತಿಳಿಯದು, ಹಿಮ್ಮಡಿ ಊರಿ ಗೋಡೆಯ ಬುಡದಿಂದ ಎಡಕ್ಕೆ ಒಂದು ಗೆರೆ ಎಳೆದೆ. ಚರ್ಮ ಸುಲಿದರೂ ಬಿಡದೆ ದನದ ಬಾನಿಯವರೆಗೂ ಎಳೆದೆ.

ತಿರುಗಿ ನೋಡಿದರೆ ಚಿಗವ್ವ ನಿಂತಿದ್ದಳು.

"ಏನ್ ಮಾಡಾಕತ್ತೀಯೋ?"

"ಏನಿಲ್ಲ ಚಿಗವ್ವ. ಆಟ."

ಅವಳು ಗೆರೆಯನ್ನು ನೋಡಿದಳು, ನನ್ನ ಹಿಮ್ಮಡಿಯ ರಕ್ತ ನೋಡಿದಳು, ತಿರುಗಿ ಮನೆಗೆ ಹೋದಳು.

ಮರುದಿನ ಫೋನು ಬಂತು. ಕಾಕಾ ಸಿಕ್ಕಿದ್ದ.

ಅವನು ಊರಿಗೆ ಬಂದ ದಿನ ಪಡಸಾಲೆ ತುಂಬ ಜನ. ಮೇಳದವರು ವಿಮಾನದ ಸುದ್ದಿ ಹೇಳುತ್ತಿದ್ದರೆ ಕಾಕಾ ನನ್ನನ್ನು ಹತ್ತಿರ ಕೂರಿಸಿಕೊಂಡ. "ನೀ ಹೇಳಿದಂಗ ಇತ್ತಲೇ. ಚರ್ಚಿನಿಂದ ಪೆಟ್ಟು ಅನಕೋತ ಹೊಂಟೆ. ನೀಲಿ ಬಾಗಲಾ, ಆ ಒಕ್ಕಣ್ಣ ಬೆಕ್ಕು, ಎಲ್ಲಾ. ಕಡೀಕ ಗ್ವಾಡಿ ಬಂತು. ಹೊಳ್ಳಿ ಹೋಗೂಣು ಅಂದ್ರ ಪೆಟ್ಟು ಉಲ್ಟಾ ಬರಲಿಲ್ಲ. ರಾತ್ರಿಯೆಲ್ಲಾ ಅಲ್ಲೇ ಕುಂತೆ."

ಯಾರೋ ನಕ್ಕರು. ನನಗೆ ನಗು ಬರಲಿಲ್ಲ.

"ಬೆಳಗಾದ ಮ್ಯಾಲ ಮುದುಕಿ ಬಂದ್ಳು, ಒಂದು ಹಲ್ಲಿಲ್ಲ. ನೀರು ಕೊಟ್ಳು. ಆಮ್ಯಾಲ ನನ್ನ ಮುಂದ ನಿಂತು, ಹಿಂಗ, ಹಿಮ್ಮಡಿಯಿಂದ ನೆಲದ ಮ್ಯಾಲ ಎಡಕ್ಕ ಗೆರಿ ಎಳದ್ಳು. ನೋಡಿದ್ರ ಅಲ್ಲೊಂದು ಸಂದಿ. ರಾತ್ರಿ ಗ್ವಾಡಿ ಪೂರಾ ತಡವಿದ್ದೆ, ಇರಲಿಲ್ಲ. ಅದರಾಗ ಹಾದು ಹೊಳಿಗೆ ಬಂದೆ, ಪೊಲೀಸರು ಸಿಕ್ಕರು." ನನ್ನ ಬೆನ್ನಿಗೆ ಒಂದು ಗುದ್ದಿದ. "ಮಗನ, ಆ ಸಂದಿ ಮೊದಲ ಯಾಕ ಕಲಿಸಲಿಲ್ಲ?"

ನಾನು ಅಡುಗೆಮನೆಯ ಬಾಗಿಲ ಕಡೆ ನೋಡಿದೆ. ಚಿಗವ್ವ ಅಲ್ಲೇ ನಿಂತು ಕೇಳುತ್ತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಆ ದಿನದ ಬಗ್ಗೆ ಅವಳು ಇಂದಿನವರೆಗೂ ಒಂದು ಮಾತು ಆಡಿಲ್ಲ. ನಾನು ಕೇಳಿದರೆ ಎದ್ದು ಹೋಗುತ್ತಾಳೆ.

ಕಾಕಾನಿಗೆ ಎಲ್ಲೋ ಭ್ರಮೆಯಾಗಿರಬೇಕು, ಹಳೆಯ ಊರುಗಳಲ್ಲಿ ನೀಲಿ ಬಾಗಿಲು, ಬೆಕ್ಕು, ಮುದುಕಿ ಎಲ್ಲ ಇದ್ದೇ ಇರುತ್ತವೆ ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆ ಗೆರೆಯ ಹತ್ತಿರ ಬಂದಾಗ ನನ್ನ ಎಲ್ಲ ಜಾಣತನ ನಿಂತುಬಿಡುತ್ತದೆ. ನಮ್ಮಲ್ಲಿ ಮಧ್ಯಾಹ್ನವಾಗುವ ಹೊತ್ತಿಗೆ ಅಲ್ಲಿ ಇನ್ನೂ ಬೆಳಗಿನ ಹೊತ್ತಂತೆ. ಈಗ ನಾನು ಹಾನಗಲ್ಲಿನಲ್ಲಿ ಕಾಲೇಜಿಗೆ ಹೋಗುತ್ತೇನೆ. ಹರಟೆಯಲ್ಲಿ ಮೊದಲಿಗಿಂತ ಜೋರಾಗಿದ್ದೇನೆ. ಆದರೆ ಬಸ್ ನಿಲ್ದಾಣದಲ್ಲಿ ಹೊಸಬರು ಯಾರಾದರೂ ಬಂದು ದಾರಿ ಕೇಳಿದರೆ ನನಗೆ ಮಾತು ಹೊರಡುವುದಿಲ್ಲ. ಕೈ ಹಿಡಿದುಕೊಂಡು ಮನೆ ಬಾಗಿಲಿನವರೆಗೂ ನಾನೇ ಹೋಗಿ ಬಿಟ್ಟು ಬರುತ್ತೇನೆ.